ಎಂಜಿನ್ ಆರಿಸಿದಾಗ ಕೇಳಿಸುವುದು

ಹಿಮದ ಮೇಲೆ ಓಡುವ ಮೋಟಾರು ಬಂಡಿ, ಅಂದರೆ ಸ್ನೋಮೊಬೈಲಿನ ಎಂಜಿನ್ ಅಬ್ಬರಕ್ಕೆ ಬೆಟ್ಟದ ಹಿಮ ಕುಸಿಯುತ್ತದೆ ಎಂದು ನಂಬಿದವರು ಇವತ್ತಿಗೂ ಬಹಳ ಮಂದಿ ಇದ್ದಾರೆ. ಯಾರೋ ಕೂಗಿದರು, ಬೆಟ್ಟದ ಹಿಮವೆಲ್ಲ ಜಾರಿ ಬಂತು ಎಂಬ ದೃಶ್ಯವನ್ನು ತೆರೆಯ ಮೇಲೆ ನೋಡಿ ನೋಡಿ ಅದೇ ನಿಜ ಅನ್ನಿಸಿಬಿಟ್ಟಿದೆ. ಅದು ಸುಳ್ಳು. ಸದ್ದಿನ ಅಲೆ ಹಿಮದ ಮೇಲೆ ಹಾಕುವ ಒತ್ತಡ ತೀರಾ ಅಲ್ಪ. ಹಿಮವನ್ನು ಕೆಡವುವುದು ಭಾರ, ಸದ್ದಲ್ಲ. ಆದರೆ ಎಂಜಿನ್ನಿನ ಸದ್ದಿನಿಂದ ಇನ್ನೊಂದು ಅಪಾಯ ಇದೆ. ಕುಸಿಯುವ ಮೊದಲು ಹಿಮ ಎಷ್ಟೋ ಸಲ ಸೂಚನೆ ಕೊಡುತ್ತದೆ. ಆ ಸೂಚನೆ ನಮ್ಮ ಕಿವಿಗೆ ಬೀಳದಂತೆ, ಕಾಲಿಗೆ ತಾಕದಂತೆ ಮಾಡುವುದು ನಾವು ಏರಿ ಕೂತ ಆ ಯಂತ್ರವೇ. ಈ ಬರಹ ಅದರ ಬಗ್ಗೆ.

ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುವವರು ಗಂಟೆಗಟ್ಟಲೆ ಹಿಮದ ಜೊತೆಗೇ ಇರುತ್ತಾರೆ. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ಅವರಿಗೆ ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತಾ ಹೋಗುತ್ತದೆ. ಮೈಭಾರಕ್ಕೆ ಒಳಗಿನ ಪದರ ಮುರಿದು ಮೇಲಿನ ಹಿಮ ಒಮ್ಮೆಗೇ ಕೆಳಗೆ ಕೂತಾಗ ‘ವುಂಫ್’ ಎಂದು ಆಳದಿಂದೊಂದು ಸದ್ದು ಬರುತ್ತದೆ. ಒಮ್ಮೆ ಕೇಳಿದವರು ಅದನ್ನು ಮರೆಯುವುದಿಲ್ಲ, ಏಕೆಂದರೆ ಅದು ಕಿವಿಗಿಂತ ಮೊದಲು ಕಾಲಡಿಯಲ್ಲಿ ಗೊತ್ತಾಗುತ್ತದೆ. ಕೆಲವು ಸಲ ಪಾದದ ಪಕ್ಕದಿಂದ ಒಂದು ಬಿರುಕು ಹೊರಟು ಮೀಟರುಗಟ್ಟಲೆ ದೂರಕ್ಕೆ ಓಡುತ್ತದೆ. ಇಳಿಜಾರು ಇನ್ನೂ ಸ್ವಲ್ಪ ಕಡಿದಾಗಿದ್ದರೆ ಅದೇ ಬಿರುಕು ಇಡೀ ಬೆಟ್ಟದ ಮೈಯನ್ನು ಸುಲಿದು ಕೆಳಗೆ ತರುತ್ತಿತ್ತು. ಮುಖ ಮುಚ್ಚುವ ಹೆಲ್ಮೆಟ್ ಹಾಕಿ ಥ್ರಾಟಲ್ ಒತ್ತಿ ಹೊರಟವರಿಗೆ ಇದರಲ್ಲಿ ಒಂದೂ ಕೇಳಿಸುವುದಿಲ್ಲ. ಬಿರುಕು ಬಿಟ್ಟರೂ ಅದು ಬೆನ್ನ ಹಿಂದೆ ಬಿಟ್ಟಿರುತ್ತದೆ, ಅವರು ಆಗಲೇ ಮುಂದಿನ ತಿರುವಿನಲ್ಲಿರುತ್ತಾರೆ.

ಜೊತೆಗೆ ದೂರದ ಮಾತು. ಸ್ಕೀ ಮಾಡುವವರು ಒಂದು ದಿನಕ್ಕೆ ಎರಡೋ ಮೂರೋ ಇಳಿಜಾರು ದಾಟಿದರೆ ಹೆಚ್ಚು. ಒಳ್ಳೆಯ ಸ್ಲೆಡ್ (ಸ್ನೋಮೊಬೈಲನ್ನು ಸವಾರರು ಕರೆಯುವುದು ಹಾಗೆ) ಇದ್ದರೆ ಅಷ್ಟನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡಬಹುದು. ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ, ಬೇರೆ ಬೇರೆ ಎತ್ತರದ, ಬೇರೆ ಬೇರೆ ಗಾಳಿ ತಿಂದ ಇಳಿಜಾರುಗಳು ಒಂದರ ಹಿಂದೆ ಒಂದು ಬರುತ್ತವೆ. ಬೆಳಿಗ್ಗೆ ಒಂದು ಕಡೆ ಹಿಮ ಗಟ್ಟಿಯಾಗಿತ್ತು ಎಂದ ಮಾತ್ರಕ್ಕೆ ಮಧ್ಯಾಹ್ನ ರಿಡ್ಜಿನ (ಬೆಟ್ಟದ ನೆತ್ತಿಯ ಗೆರೆ) ಆಚೆ ಬದಿಯಲ್ಲೂ ಹಾಗೇ ಇರಬೇಕೆಂದಿಲ್ಲ. ಹಿಮದ ಮೇಲೆ ಬೀಳುವ ಸವಾರ ಮತ್ತು ಸ್ಲೆಡ್‌ನ ಒಟ್ಟು ಭಾರ ಒಬ್ಬ ಸ್ಕೀಯರನ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಒತ್ತಡ ಇನ್ನೂ ಆಳಕ್ಕೆ ಇಳಿಯುತ್ತದೆ, ಸ್ಕೀಯರ್ ಎಬ್ಬಿಸಲಾಗದ ಪದರವನ್ನೂ ಎಬ್ಬಿಸುತ್ತದೆ.

ಪದರ ಎಂದೆ. ಇಡೀ ವಿಷಯ ನಿಂತಿರುವುದು ಅದರ ಮೇಲೆಯೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಟ್ಟದ ಮೇಲಿರುವುದು ಒಂದೇ ಹಿಮವಲ್ಲ. ಚಳಿಗಾಲದುದ್ದಕ್ಕೂ ಒಂದೊಂದು ಬಿರುಗಾಳಿ, ಒಂದೊಂದು ಬಿಸಿಲು, ಒಂದೊಂದು ಮೋಡವಿಲ್ಲದ ರಾತ್ರಿ ತನ್ನ ತನ್ನ ಪದರವನ್ನು ಬಿಟ್ಟು ಹೋಗಿರುತ್ತದೆ. ಶುಭ್ರವಾದ, ಗಾಳಿಯಿಲ್ಲದ ಚಳಿ ರಾತ್ರಿಯಲ್ಲಿ ಹಿಮದ ಮೇಲ್ಮೈ ಮೇಲೆ ಗರಿಯಾಕಾರದ ಹರಳುಗಳು ಬೆಳೆಯುತ್ತವೆ. ಬೆಳಗಿನ ಬಿಸಿಲಿಗೆ ಅವು ಮಿನುಗುವುದನ್ನು ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಕೈಯಿಂದ ಸವರಿದರೆ ಸಣ್ಣಗೆ ಗಿಲಕಿ ಅಲ್ಲಾಡಿದ ಹಾಗೆ ಸದ್ದು ಮಾಡುತ್ತಾ ಉರುಳುತ್ತವೆ, ಒಂದಕ್ಕೊಂದು ಅಂಟುವುದೇ ಇಲ್ಲ. ತೊಂದರೆ ಅಲ್ಲೇ ಇದೆ. ಮುಂದಿನ ಬಿರುಗಾಳಿ ಬಂದು ಅವುಗಳ ಮೇಲೆ ಅರ್ಧ ಮೀಟರೋ ಒಂದು ಮೀಟರೋ ಹಿಮ ಸುರಿಯಿತು ಅನ್ನಿ. ಮೇಲಿನದು ಕೂಡಿಕೊಂಡು ಒಂದೇ ಚಪ್ಪಡಿಯಾಗುತ್ತದೆ, ಅದರ ಕೆಳಗೆ ಆ ನಾಜೂಕು ಹರಳುಗಳು ಹೂತು ಉಳಿಯುತ್ತವೆ, ಕೆಲವೊಮ್ಮೆ ವಾರಗಟ್ಟಲೆ. ಚಪ್ಪಡಿಯ ಯಾವುದೋ ಒಂದು ಮೂಲೆಯಲ್ಲಿ ಹರಳುಗಳು ಮುರಿದರೆ ಆ ಮುರಿತ ಪಕ್ಕಕ್ಕೆ ಹರಡುತ್ತಾ ಹೋಗುತ್ತದೆ. ಇಳಿಜಾರು ಸಾಕಷ್ಟು ಕಡಿದಾಗಿದ್ದರೆ ಇಡೀ ಚಪ್ಪಡಿ ಬಿಟ್ಟುಕೊಂಡು ಹೊರಡುತ್ತದೆ. ಸವಾರರನ್ನು ಕೊಲ್ಲುವುದು ಬಹುಪಾಲು ಇಂಥ ಚಪ್ಪಡಿ ಕುಸಿತಗಳೇ.

ಸಾಕಷ್ಟು ಕಡಿದು ಎಂದರೆ ಸುಮಾರು 30 ಡಿಗ್ರಿಯಿಂದ ಮೇಲೆ. ಹೆಚ್ಚಿನ ಚಪ್ಪಡಿ ಕುಸಿತಗಳು 30ರಿಂದ 45 ಡಿಗ್ರಿಯ ನಡುವೆ ಆಗುತ್ತವೆ. ಸ್ಲೆಡ್ ಸವಾರರಿಗೆ ಅತ್ಯಂತ ಮಜಾ ಕೊಡುವ ಇಳಿಜಾರುಗಳೂ ಇವೇ. ಹೈಮಾರ್ಕಿಂಗ್ ಎಂದರೆ ಬೌಲಿನ, ಅಂದರೆ ಬೆಟ್ಟದ ಇಳಿಜಾರುಗಳು ಸುತ್ತುವರಿದ ಬಟ್ಟಲಿನಂಥ ತಗ್ಗಿನ, ಬುಡದಿಂದ ಥ್ರಾಟಲ್ ಒತ್ತಿ ಆದಷ್ಟು ಎತ್ತರಕ್ಕೆ ಹತ್ತಿ, ಶಕ್ತಿ ಮುಗಿಯುವ ಮುಂಚೆ ಅರ್ಧವೃತ್ತ ತಿರುಗಿ ಇಳಿದು ಬರುವುದು. ಗುರುತು ಯಾರದು ಮೇಲೆ ಎಂಬುದೇ ಅಲ್ಲಿನ ಪೈಪೋಟಿ. ತಿರುಗುವ ಜಾಗ ಸಾಮಾನ್ಯವಾಗಿ ಇಳಿಜಾರಿನ ಅತಿ ಕಡಿದಾದ ಭಾಗ, ಚಪ್ಪಡಿ ಹೆಚ್ಚಾಗಿ ಹರಿಯುವ ಜಾಗವೂ ಅದೇ. ಅಲ್ಲಿ ವೇಗ ಸೊನ್ನೆಗೆ ಬಂದಿರುತ್ತದೆ, ಸ್ಲೆಡ್‌ನ ತಳದಲ್ಲಿ ಸುತ್ತುವ ಪಟ್ಟಿ, ಅಂದರೆ ಟ್ರ್ಯಾಕ್, ಹಿಮವನ್ನು ಅಗೆಯುತ್ತಿರುತ್ತದೆ. ಕುಸಿದರೆ ಮೇಲಿಂದ ಬರುವ ಹಿಮದ ಮುಂದೆ ಓಡಲು ಬೇಕಾದ ವೇಗ ಕೈಯಲ್ಲಿರುವುದಿಲ್ಲ.

‘ಮೊದಲೇ ನಾಲ್ಕು ಜನ ಹತ್ತಿ ಹೋಗಿದ್ದಾರೆ, ಏನೂ ಆಗಲಿಲ್ಲ’ ಎಂಬ ಮಾತು ಈ ಆಟದಲ್ಲಿ ಕೇಳಿಬರುವಷ್ಟು ಬೇರೆಲ್ಲೂ ಬರುವುದಿಲ್ಲ. ನನಗೆ ಇದಕ್ಕಿಂತ ಭಯ ಹುಟ್ಟಿಸುವ ಮಾತಿಲ್ಲ. ಚಪ್ಪಡಿಯ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಬಂಡೆಯ ಸುತ್ತ, ದಿಬ್ಬದ ನೆತ್ತಿಯಲ್ಲಿ, ಗಾಳಿ ಕೊರೆದ ಜಾಗದಲ್ಲಿ ಅದು ತೆಳ್ಳಗಿರುತ್ತದೆ, ಒತ್ತಡ ಅಲ್ಲಿ ಸಲೀಸಾಗಿ ಕೆಳಗಿನ ಪದರಕ್ಕೆ ತಲುಪುತ್ತದೆ. ನಾಲ್ಕು ಜನ ದಪ್ಪ ಜಾಗದ ಮೇಲೆ ಹೋಗಿ ಬಂದಿರಬಹುದು. ಐದನೆಯವರು ಎರಡು ಮೀಟರ್ ಪಕ್ಕದಲ್ಲಿ ತೆಳು ಜಾಗ ಮುಟ್ಟಿದರೆ ಸಾಕು. ಮುಂಚೆ ಹೋದವರ ಗುರುತು ಹೇಳುವುದು ಅವರು ಆ ಗಳಿಗೆಯಲ್ಲಿ ಆ ಗೆರೆಯ ಮೇಲೆ ಬಚಾವಾದರು ಎಂದಷ್ಟೇ.

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸ್ನೋಮೊಬೈಲ್ ಸವಾರರು 2008–09ರ ಚಳಿಗಾಲವನ್ನು ಮರೆತಿಲ್ಲ. ಆ ಒಂದೇ ಋತುವಿನಲ್ಲಿ ಅಲ್ಲಿ 19 ಸವಾರರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಇದರಲ್ಲಿ 8 ಸಾವು ಒಂದೇ ದಿನದ್ದು: 2008ರ ಡಿಸೆಂಬರ್ 28, ಫರ್ನಿ ಸಮೀಪದ ಹಾರ್ವಿ ಪಾಸ್. ಹತ್ತಿರದ ಸ್ಪಾರ್‌ವುಡ್ ಊರಿನ 11 ಗಂಡಸರು ಅಲ್ಲಿದ್ದರು. ಮೊದಲ ಕುಸಿತ ಕೆಲವರನ್ನು ಹೂತಿತು. ಉಳಿದವರು ಯಾವ ಸ್ನೇಹಿತರೂ ಮಾಡುವ ಕೆಲಸವನ್ನೇ ಮಾಡಿದರು, ಓಡಿ ಬಂದು ಅಗೆಯತೊಡಗಿದರು. ಅಗೆಯುತ್ತಿದ್ದಾಗಲೇ ಎರಡನೆಯ ಕುಸಿತ ಬಂತು. ಬದುಕಿ ಬಂದವರು ಮೂವರು.

ಈ ಘಟನೆ ಓದುವಾಗಲೆಲ್ಲ ನನಗೆ ಆ ಅಗೆಯುವ ಕೈಗಳೇ ಎದುರು ಬರುತ್ತವೆ. ಅವರದ್ದು ಅಜಾಗರೂಕತೆ ಎಂದು ದೂರದಲ್ಲಿ ಕೂತು ಹೇಳುವ ಧೈರ್ಯ ನನಗಿಲ್ಲ. ಗೆಳೆಯ ಹಿಮದಡಿ ಇದ್ದಾನೆ ಎಂದು ಗೊತ್ತಿದ್ದೂ ಒಂದು ನಿಮಿಷ ನಿಂತು ಮೇಲಿನ ಇಳಿಜಾರನ್ನು ನೋಡುವುದು ಮನುಷ್ಯನ ಸಹಜ ಗುಣವಲ್ಲ, ಅದನ್ನು ಕಲಿಯಬೇಕು. ಅದಕ್ಕೇ ಇವತ್ತಿನ ತರಬೇತಿಯಲ್ಲಿ ಮೊದಲ ಪಾಠ ಅಗೆಯುವುದಲ್ಲ. ಇನ್ನೂ ಕುಸಿಯದೆ ಉಳಿದ ಹಿಮ ಮೇಲೆಲ್ಲಾದರೂ ಇದೆಯೇ ಎಂದು ತಲೆ ಎತ್ತಿ ನೋಡುವುದು ಮೊದಲು. ಆಮೇಲೆ ಒಬ್ಬರನ್ನು ದೂರದಲ್ಲಿ ಕಾವಲಿಗೆ ನಿಲ್ಲಿಸುವುದು, ಇನ್ನೊಮ್ಮೆ ಬಂದರೆ ಯಾವ ಕಡೆ ಓಡಬೇಕೆಂದು ಎಲ್ಲರಿಗೂ ಹೇಳುವುದು. ಕೆಳಗಿಳಿಯುವುದು ಅದಾದ ಮೇಲೆಯೇ.

ಮುಂದಿನ ಚಳಿಗಾಲದಲ್ಲೇ, 2010ರ ಮಾರ್ಚ್ 13ರಂದು, ರೆವೆಲ್‌ಸ್ಟೋಕ್ ಹತ್ತಿರದ ಬೋಲ್ಡರ್ ಮೌಂಟನ್‌ನಲ್ಲಿ ಆದದ್ದು ಇನ್ನೊಂದು ಬಗೆಯದು. ಹೈಮಾರ್ಕಿಂಗ್ ನೋಡಲು ಸುಮಾರು ಇನ್ನೂರು ಜನ ಸೇರಿದ್ದರು. ಅಪಾಯ ಹೆಚ್ಚಿದೆ ಎಂಬ ಎಚ್ಚರಿಕೆಯನ್ನು ಮೊದಲೇ ಕೊಡಲಾಗಿತ್ತು. ಮೇಲೆ ಹತ್ತಿದ ಸ್ಲೆಡ್‌ಗಳಿಂದ ಇಳಿಜಾರು ಹರಿದು ಬಂತು. ಕೆಳಗೆ, ಹಿಮ ಬಂದು ನಿಲ್ಲುವ ಜಾಗದಲ್ಲೇ, ನೋಡುಗರು ಸ್ಲೆಡ್ ನಿಲ್ಲಿಸಿಕೊಂಡಿದ್ದರು. ಇಬ್ಬರು ಸತ್ತರು, ಸುಮಾರು 30 ಮಂದಿಗೆ ಗಾಯವಾಯಿತು. ಹತ್ತಿದವರಷ್ಟೇ ಅಪಾಯದಲ್ಲಿ ನೋಡುತ್ತಾ ಕೂತವರೂ ಇದ್ದರು ಎಂಬುದು ಆ ಮಧ್ಯಾಹ್ನ ಗೊತ್ತಾಯಿತು. 2016ರ ಜನವರಿ 29ರಂದು ಮೆಕ್‌ಬ್ರೈಡ್ ಬಳಿಯ ಮೌಂಟ್ ರೆನ್‌ಶಾದಲ್ಲಿ ಬೇರೆ ಬೇರೆ ಗುಂಪುಗಳ ಸವಾರರು ಒಂದೇ ಕುಸಿತಕ್ಕೆ ಸಿಕ್ಕರು, ಐವರು ತೀರಿಕೊಂಡರು. ನಮ್ಮ ಗುಂಪು ಎಷ್ಟೇ ಹುಷಾರಾಗಿದ್ದರೂ ಅದೇ ಬೌಲಿನಲ್ಲಿರುವ ಇನ್ನೊಂದು ಗುಂಪಿನ ನಿರ್ಧಾರ ನಮ್ಮ ತಲೆಯ ಮೇಲೂ ಇರುತ್ತದೆ.

ಹಾಗಾಗಿ ಎಲ್ಲಿ ನಿಲ್ಲಿಸುತ್ತೇವೆ ಎಂಬುದು ಎಲ್ಲಿ ಓಡಿಸುತ್ತೇವೆ ಎಂಬುದರಷ್ಟೇ ಮುಖ್ಯ. ಬೌಲಿನ ಬುಡದಲ್ಲಿ ಎಂಜಿನ್ ಆರಿಸಿ, ಹೆಲ್ಮೆಟ್ ಕಳಚಿ, ಬೆನ್ನಿನ ಚೀಲ ಸೀಟಿನ ಮೇಲಿಟ್ಟು ಹರಟೆ ಹೊಡೆಯುವ ಗುಂಪುಗಳನ್ನು ನೋಡಿದಾಗೆಲ್ಲ ಹತ್ತಿರ ಹೋಗಿ ಹೇಳಿಬಿಡಬೇಕು ಅನ್ನಿಸುತ್ತದೆ, ಹೇಳಿಯೂ ಇದ್ದೇನೆ. ಹಿಮ ಓಡಿ ಬರುವ ದಾರಿ ಬಿಟ್ಟು ಬಹಳ ದೂರದಲ್ಲಿ ನಿಲ್ಲಿಸಬೇಕು. ಸಾಲಾಗಿ ಒಂದರ ಹಿಂದೆ ಒಂದಲ್ಲ, ಅಕ್ಕಪಕ್ಕ, ಮುಖ ಹೊರಗಡೆಗೆ, ಎಲ್ಲರೂ ಒಟ್ಟಿಗೆ ಹೊರಡಲಾಗುವಂತೆ. ಚೀಲ ಬೆನ್ನ ಮೇಲೇ ಇರಬೇಕು. ಇಳಿಜಾರಿನಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ, ಉಳಿದವರ ಕಣ್ಣು ಅವರ ಮೇಲೆ.

ಈ ಕೊನೆಯ ನಿಯಮ ಹೆಚ್ಚಾಗಿ ಮುರಿಯುವುದು ಒಳ್ಳೆಯತನದಿಂದ. ಇಳಿಜಾರಿನ ನಡುವೆ ಒಬ್ಬನ ಸ್ಲೆಡ್ ಹೂತು ನಿಂತಿತು ಅನ್ನಿ, ಗೆಳೆಯ ತಕ್ಷಣ ಸಹಾಯಕ್ಕೆಂದು ಹತ್ತುತ್ತಾನೆ. ಒಂದು ಭಾರ ಇದ್ದ ಜಾಗದ ಮೇಲ್ಭಾಗದಲ್ಲೋ ಪಕ್ಕದಲ್ಲೋ ಈಗ ಎರಡು ಭಾರ, ಇಬ್ಬರೂ ನಿಶ್ಚಲ, ಇಬ್ಬರೂ ಸಲಿಕೆ ಹಿಡಿದು ಬಗ್ಗಿದ್ದಾರೆ. ಮೊದಲ ಸ್ಲೆಡ್‌ಗೆ ತಡೆದುಕೊಂಡ ಇಳಿಜಾರು ಎರಡನೆಯದಕ್ಕೆ ಬಿಟ್ಟುಕೊಟ್ಟ ಪ್ರಕರಣಗಳು ಕಡಿಮೆಯೇನಲ್ಲ. ಸಿಕ್ಕಿಕೊಂಡವನು ತಾನೇ ಬಿಡಿಸಿಕೊಳ್ಳಲಿ, ಹತ್ತು ನಿಮಿಷವಾಗಲಿ, ಇಪ್ಪತ್ತಾಗಲಿ. ಕೆಳಗಿನಿಂದ ನೋಡುತ್ತಾ ನಿಲ್ಲುವುದು ಕಷ್ಟ, ನಿರ್ದಯ ಎಂದೂ ಅನ್ನಿಸಬಹುದು. ಆದರೂ ನಿಲ್ಲಬೇಕು.

ಹೊರಡುವ ಮುಂಚಿನ ಕೆಲಸಕ್ಕೆ ಬರುತ್ತೇನೆ. ಕೆನಡಾದಲ್ಲಿ ಅವಲಾಂಚ್ ಕೆನಡಾ, ಅಮೆರಿಕದಲ್ಲಿ ಕೊಲರಾಡೊ ಅವಲಾಂಚ್ ಇನ್ಫರ್ಮೇಶನ್ ಸೆಂಟರ್‌ನಂಥ ಪ್ರಾದೇಶಿಕ ಕೇಂದ್ರಗಳು ಚಳಿಗಾಲದಲ್ಲಿ ದಿನವೂ ಮುನ್ಸೂಚನೆ ಕೊಡುತ್ತವೆ, ಹಣವಿಲ್ಲದೆ. ಅಪಾಯಕ್ಕೆ ಐದು ಮಟ್ಟ: ಕಡಿಮೆ, ಮಧ್ಯಮ, ಗಣನೀಯ, ಹೆಚ್ಚು, ವಿಪರೀತ. ಮೂರನೆಯದನ್ನು ಓದುವಾಗಲೇ ಜನ ಎಡವುವುದು. ಐದರಲ್ಲಿ ಮೂರು ಅಂದರೆ ನಡುವಿನದು, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಆ ಮಟ್ಟಗಳ ನಡುವೆ ಅಪಾಯ ಸಮಸಮನಾಗಿ ಏರುವುದಿಲ್ಲ, ಒಂದೊಂದು ಮೆಟ್ಟಿಲಿಗೂ ಹಲವು ಪಟ್ಟು ಹೆಚ್ಚುತ್ತದೆ. ಮೂರು ಎಂದರೆ ಮನುಷ್ಯನ ಭಾರಕ್ಕೆ ಹಿಮ ಕುಸಿಯುವ ಸಂಭವವೇ ಹೆಚ್ಚು. ಸಾವುಗಳಲ್ಲಿ ದೊಡ್ಡ ಪಾಲು ಈ ಮೂರನೆಯ ಮಟ್ಟದ ದಿನಗಳದ್ದೇ. ನಾಲ್ಕು, ಐದು ಬಂದ ದಿನ ಜನ ತಾವಾಗಿಯೇ ಹೆದರಿ ಮನೆಯಲ್ಲಿರುತ್ತಾರೆ. ಮೂರರ ದಿನ ಹೊಸ ಹಿಮ ಬಿದ್ದಿರುತ್ತದೆ, ಆಕಾಶ ತೆರೆದಿರುತ್ತದೆ, ರಜೆಯೂ ಸಿಕ್ಕಿರುತ್ತದೆ.

ಅಂಕೆಗಿಂತ ಮುಖ್ಯವಾದದ್ದು ಅದರ ಕೆಳಗಿನ ಬರಹ. ಇವತ್ತಿನ ತೊಂದರೆ ಏನು? ಗಾಳಿ ಹೊತ್ತು ತಂದ ಚಪ್ಪಡಿಯೋ, ಹೊಸ ಹಿಮವೋ, ಆಳದಲ್ಲಿ ಹೂತು ಕೂತ ಹಳೆಯ ದುರ್ಬಲ ಪದರವೋ, ಬಿಸಿಲಿಗೆ ನೆನೆದ ಹಿಮವೋ? ಯಾವ ದಿಕ್ಕಿನ ಇಳಿಜಾರಿನಲ್ಲಿ, ಯಾವ ಎತ್ತರದಲ್ಲಿ? ಗಾಳಿ ಒಂದು ಬದಿಯಿಂದ ಹಿಮ ಎತ್ತಿ ರಿಡ್ಜಿನ ಮರೆಯ ಬದಿಗೆ ಸುರಿಯುವ ವೇಗ ಆಕಾಶದಿಂದ ಹಿಮ ಬೀಳುವ ವೇಗದ ಹತ್ತು ಪಟ್ಟು ಇರಬಹುದು. ಹಾಗಾಗಿ ಹಿಮವೇ ಬೀಳದ ದಿನವೂ ಇಳಿಜಾರು ಹೊರೆ ಹೊತ್ತು ಕಾಯುತ್ತಿರಬಹುದು. ಹೊಸ ಹಿಮದ ತೊಂದರೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಆಳದ ದುರ್ಬಲ ಪದರದ್ದು ಹಾಗಲ್ಲ. ಅದು ಮೇಲೆ ಯಾವ ಗುರುತೂ ಕೊಡದೆ ತಿಂಗಳುಗಟ್ಟಲೆ ಉಳಿಯಬಲ್ಲದು, ಒಮ್ಮೆ ಹೊರಟರೆ ಇಡೀ ಬೌಲನ್ನೇ ತರುತ್ತದೆ. ಅಂಥ ಚಳಿಗಾಲಗಳಲ್ಲಿ ನಾನು ಕಡಿದಾದ ಇಳಿಜಾರನ್ನು ಪೂರ್ತಿ ಬಿಟ್ಟುಬಿಡುತ್ತೇನೆ.

ಒಂದು ಪರೀಕ್ಷೆ ಇದೆ, ಸ್ಲೆಡ್ ಸವಾರರಲ್ಲಿ ಮಾಡುವವರು ಕಡಿಮೆ. ಅಪಾಯವಿಲ್ಲದ ಜಾಗದಲ್ಲಿ ಹಿಮ ಅಗೆದು 30 ಸೆಂಟಿಮೀಟರ್ ಚೌಕದ ಒಂದು ಕಂಬವನ್ನು ಸುತ್ತಲಿಂದ ಬಿಡಿಸಿ ನಿಲ್ಲಿಸುತ್ತಾರೆ. ಮೇಲೆ ಸಲಿಕೆ ಮಲಗಿಸಿ ಮಣಿಕಟ್ಟಿನಿಂದ ಹತ್ತು ಸಲ ತಟ್ಟುವುದು, ಆಮೇಲೆ ಮೊಣಕೈಯಿಂದ ಹತ್ತು, ಆಮೇಲೆ ಭುಜದಿಂದ ಹತ್ತು. ಮೊದಲಿಗೆ ಮೇಲಿನ ಮೆದು ಹಿಮ ಒತ್ತಿ ಕೂರುತ್ತದೆ ಅಷ್ಟೇ. ಇದ್ದಕ್ಕಿದ್ದಂತೆ, ಇನ್ನೂ ಮೊಣಕೈಯ ಸರದಿಯಲ್ಲಿರುವಾಗಲೇ, ಕಂಬದ ನಡುವೆ ಒಂದು ಗೆರೆ ಮೂಡಿ ಮೇಲಿನ ಭಾಗ ಚಾಕುವಿನಿಂದ ಕೊಯ್ದಷ್ಟು ಚೊಕ್ಕಟವಾಗಿ ಮುಂದಕ್ಕೆ ಜಾರಿ ಮಡಿಲಿಗೆ ಬೀಳುತ್ತದೆ. ಬಿದ್ದ ತುಂಡಿನ ತಳ ತಿರುಗಿಸಿ ನೋಡಿದರೆ ಆ ಗರಿ ಹರಳುಗಳು ಹಾಗೇ ಇರುತ್ತವೆ, ಕೆಲವು ವಾರಗಳ ಹಿಂದಿನ ಬೆಳಗಿನಲ್ಲಿ ಮಿನುಗುತ್ತಿದ್ದವು. ಒಂದು ಗುಂಡಿ ಇಡೀ ಬೆಟ್ಟದ ಕಥೆ ಹೇಳುವುದಿಲ್ಲ, ಕಂಬ ಬೀಳಲಿಲ್ಲ ಎಂದ ಮಾತ್ರಕ್ಕೆ ಹತ್ತಬಹುದು ಎಂದಲ್ಲ. ಬಿದ್ದರೆ ಮಾತ್ರ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಇಷ್ಟಕ್ಕೆ ಸಮಯವಿಲ್ಲದವರೂ ಆಗಾಗ ಎಂಜಿನ್ ಆರಿಸಿ, ಕೆಳಗಿಳಿದು, ನಾಲ್ಕು ಹೆಜ್ಜೆ ನಡೆದು, ಕೈಯಿಂದ ಹಿಮ ಒತ್ತಿ ನೋಡಬಹುದಲ್ಲ.

ಇಷ್ಟೆಲ್ಲ ಮಾಡಿಯೂ ಹೂತು ಹೋದರೆ? ಚಲಿಸುವಾಗ ನೀರಿನಂತೆ ಹರಿಯುವ ಹಿಮ ನಿಂತ ಕ್ಷಣವೇ ಬಿಗಿದುಕೊಳ್ಳುತ್ತದೆ, ಒಳಗಿದ್ದವರಿಗೆ ಬೆರಳು ಮಡಚಲೂ ಆಗದು. ಗಾಯಗಳಿಂದಲೇ ಸಾಯುವವರೂ ಇದ್ದಾರೆ, ಉಳಿದವರಿಗೆ ಉಸಿರೇ ಶತ್ರು. ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಖದ ಸುತ್ತಲೇ ಉಳಿಯುತ್ತದೆ, ಬಾಯಿಯ ಮುಂದಿನ ಹಿಮ ಕರಗಿ ಮತ್ತೆ ಗಟ್ಟಿಯಾಗಿ ಗಾಳಿ ನುಸುಳದಂತೆ ಮುಚ್ಚುತ್ತದೆ. ಮೊದಲ 10 ನಿಮಿಷದೊಳಗೆ ಹೊರತೆಗೆದರೆ ಬದುಕುವವರೇ ಹೆಚ್ಚು. ಅಲ್ಲಿಂದಾಚೆಗೆ ಬದುಕುವ ಸಾಧ್ಯತೆ ಕಡಿದಾಗಿ ಇಳಿಯುತ್ತದೆ, ಅರ್ಧ ಗಂಟೆ ದಾಟುವ ಹೊತ್ತಿಗೆ ಬದುಕುವವರು ಸುಮಾರು ಮೂರರಲ್ಲಿ ಒಬ್ಬರು, ಕೆಲವು ಕಡೆ ಅದಕ್ಕಿಂತಲೂ ಕಡಿಮೆ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ. ಸ್ಯಾಟಲೈಟ್ ಸಾಧನದಿಂದ ಕರೆ ಹೋಗಲಿ, ಅದು ಗಾಯಾಳುವನ್ನು ಸಾಗಿಸಲು ಬೇಕು. ಜೀವ ಉಳಿಸಬಲ್ಲವರು ಅಲ್ಲೇ ನಿಂತಿರುವ ಗೆಳೆಯರು ಮಾತ್ರ.

ಅದಕ್ಕೇ ಬೀಕನ್ (ಹೂತವರ ಜಾಗ ಹುಡುಕಿಸುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ, ಒಬ್ಬೊಬ್ಬರ ಮೈಮೇಲೂ. ಮೈಮೇಲೆ ಎಂಬುದಕ್ಕೆ ಒತ್ತು. ಸಲಿಕೆ, ಪ್ರೋಬ್‌ಗಳನ್ನು ಸ್ಲೆಡ್‌ನ ಹಿಂಬದಿಯ ಚೀಲಕ್ಕೆ ಕಟ್ಟುವ ಅಭ್ಯಾಸ ಬಹಳ ಜನರಿಗಿದೆ, ಬೆನ್ನಿಗೆ ಹಗುರ ಎಂದು. ಕುಸಿತಕ್ಕೆ ಸಿಕ್ಕ ಸ್ಲೆಡ್ ಸವಾರನಿಂದ ಬೇರೆಯಾಗಿ ಹೂತು ಹೋಗುತ್ತದೆ, ಜೊತೆಗೆ ಸಲಿಕೆಯೂ. ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್ ಎಂಬ ಒಂದೇ ಆವರ್ತನದಲ್ಲಿ ಮಾತಾಡುತ್ತವೆ, ಯಾವ ಕಂಪನಿಯದು ಯಾವುದನ್ನು ಬೇಕಾದರೂ ಹುಡುಕಬಲ್ಲದು. ಆದರೆ ಆ ಸಂಕೇತ ಬಲು ಸೂಕ್ಷ್ಮ. ಫೋನ್, ಕ್ಯಾಮೆರಾ, ರೇಡಿಯೊ, ಬಿಸಿ ಕೈಗವಸು, ಸ್ಲೆಡ್‌ನ ಎಲೆಕ್ಟ್ರಾನಿಕ್ಸ್ ಎಲ್ಲವೂ ಅದನ್ನು ಕೆಡಿಸುತ್ತವೆ. ಬೀಕನ್ ಸಂಕೇತ ಕಳಿಸುವ ಸ್ಥಿತಿಯಲ್ಲಿರುವಾಗ ಇವನ್ನು ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಬೇಕು ಎಂಬುದು ಸಾಮಾನ್ಯ ನಿಯಮ. ಹುಡುಕಾಟದ ಜಾಗದಲ್ಲಿ ಎಂಜಿನ್‌ಗಳೆಲ್ಲ ಆರಿರಬೇಕು, ಬದುಕಿ ಉಳಿದ ಎಲ್ಲರ ಬೀಕನ್ ಹುಡುಕುವ ಸ್ಥಿತಿಗೆ ತಿರುಗಿರಬೇಕು. ಒಬ್ಬರು ಮರೆತರೂ ಸಾಕು, ಗುಂಪು ಅವರ ಜೇಬನ್ನೇ ಹುಡುಕುತ್ತಾ ಅಮೂಲ್ಯ ನಿಮಿಷಗಳನ್ನು ಕಳೆಯುತ್ತದೆ.

ಅಭ್ಯಾಸ ಮಾಡಿದರೇ ಇದು ತಿಳಿಯುವುದು. ಬೀಕನ್‌ನ ಪರದೆಯ ಮೇಲೆ ದೂರವನ್ನು ಸುಮಾರಾಗಿ ಮೀಟರಿನಲ್ಲಿ ತೋರಿಸುವ ಅಂಕೆ 40ರಿಂದ ಇಳಿಯುತ್ತಾ ಬರುವಾಗ ಓಡಬೇಕು, 10ರ ಹತ್ತಿರ ಬಂದಾಗ ನಿಧಾನಿಸಬೇಕು, 3ರ ಕೆಳಗೆ ಹಿಮಕ್ಕೆ ಮೂಗು ತಾಗಿಸಿದಂತೆ ಬಗ್ಗಿ ಬೀಕನ್ ತಿರುಗಿಸದೆ ಅಡ್ಡ ಉದ್ದ ಜಾರಿಸಬೇಕು. ಅತಿ ಕಡಿಮೆ ಅಂಕೆ ಬಂದಲ್ಲಿಂದ ಪ್ರೋಬ್ ಚುಚ್ಚುತ್ತಾ ಸುರುಳಿಯಾಗಿ ಹೊರಕ್ಕೆ, 25 ಸೆಂಟಿಮೀಟರಿಗೊಂದು. ನೆಲಕ್ಕೆ ತಾಗಿದರೆ ಒಂದು ಬಗೆ, ಮೈಗೆ ತಾಗಿದರೆ ಮೆತ್ತಗೆ ಪುಟಿಯುವ ಇನ್ನೊಂದು ಬಗೆ, ಆ ವ್ಯತ್ಯಾಸ ಕೈಗೆ ಗೊತ್ತಿರಬೇಕು. ತಾಗಿದ ಪ್ರೋಬ್ ಕೀಳಬಾರದು. ಅದರ ನೇರ ಮೇಲಿಂದಲ್ಲ, ಇಳಿಜಾರಿನ ಕೆಳಬದಿಯಿಂದ ಅಗೆದು ಒಳಗೆ ಹೋಗಬೇಕು. ಒಂದು ಮೀಟರ್ ಆಳ ಅಷ್ಟೇನಲ್ಲ ಅನ್ನಿಸುತ್ತದೆ, ಆದರೆ ಎತ್ತಿ ಹಾಕಬೇಕಾದ ಹಿಮ ಒಂದು ಟನ್ನಿಗೂ ಮಿಕ್ಕಿದ್ದು. ಅಗೆತವೇ ಹೆಚ್ಚು ಸಮಯ ತಿನ್ನುತ್ತದೆ. ಪ್ಲಾಸ್ಟಿಕ್ ಸಲಿಕೆ ಕೊಳ್ಳುವವರನ್ನು ನೋಡಿದರೆ ನಾನು ಅಂಗಲಾಚಿ ಬೇಡುತ್ತೇನೆ, ಲೋಹದ್ದನ್ನೇ ಕೊಳ್ಳಿ.

ಬೆನ್ನಿನ ಚೀಲದಲ್ಲಿದ್ದು ಹಿಡಿಕೆ ಎಳೆದರೆ ಉಬ್ಬುವ ಏರ್‌ಬ್ಯಾಗ್ ಬಗ್ಗೆ ಒಂದು ಮಾತು. ಕಾಳಿನ ಡಬ್ಬಿ ಅಲ್ಲಾಡಿಸಿದಾಗ ದೊಡ್ಡ ಕಾಳು ಮೇಲಕ್ಕೆ ಬರುವ ತತ್ವವೇ ಅದರದ್ದು, ಉಬ್ಬಿದ ಚೀಲದಿಂದ ಸವಾರ ದೊಡ್ಡ ಕಣವಾಗಿ ಮೇಲ್ಮೈ ಹತ್ತಿರ ಉಳಿಯುತ್ತಾನೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಭೀರವಾಗಿ ಸಿಕ್ಕಿಕೊಂಡವರ ಸಾವಿನ ಪ್ರಮಾಣ ಏರ್‌ಬ್ಯಾಗ್ ಉಬ್ಬಿದಾಗ ಶೇಕಡಾ 22ರಿಂದ 11ಕ್ಕೆ ಇಳಿದಿತ್ತು. ದೊಡ್ಡ ಉಪಕಾರವೇ. ಆದರೂ ಆ ಶೇಕಡಾ 11 ಉಳಿದೇ ಇದೆ. ಮರ, ಬಂಡೆ, ಕಮರಿ ಇರುವಲ್ಲಿ ಚೀಲ ಏನೂ ಮಾಡಲಾಗದು, ಹಿಡಿಕೆ ಎಳೆಯಲು ಆಗದೆ ಹೋದವರೂ ಇದ್ದಾರೆ. ಅದನ್ನು ಧರಿಸಿದ ದಿನ ಇನ್ನೂ ಒಂದಿಷ್ಟು ಮೇಲೆ ಹತ್ತೋಣ ಅನ್ನಿಸತೊಡಗಿದರೆ ಅದರ ಉಪಕಾರ ಅಲ್ಲಿಗೇ ಮುಗಿಯಿತು.

ಇನ್ನು ಗುಂಪಿನ ಮಾತು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಕಷ್ಟದ್ದು. ಅಪಘಾತದ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ ಒಂದಿದೆ: ಗುಂಪಿನಲ್ಲಿ ಯಾರಿಗೋ ಒಬ್ಬರಿಗೆ ಅನುಮಾನ ಇತ್ತು, ಅವರು ಬಾಯಿ ಬಿಡಲಿಲ್ಲ. ಹೊಸಬರು, ‘ಅನುಭವಿಗಳು ಸುಮ್ಮನಿದ್ದಾರೆ, ನಾನ್ಯಾರು ಹೇಳಲು’ ಅಂದುಕೊಳ್ಳುತ್ತಾರೆ. ಅನುಭವಿಗಳು, ‘ಯಾರೂ ಏನೂ ಅನ್ನುತ್ತಿಲ್ಲ, ಎಲ್ಲರಿಗೂ ಒಪ್ಪಿಗೆಯೇ ಇರಬೇಕು’ ಅಂದುಕೊಳ್ಳುತ್ತಾರೆ. ಎಂಜಿನ್ ಸದ್ದಿನಲ್ಲಿ ಚರ್ಚೆಗೆ ಜಾಗವೂ ಇರುವುದಿಲ್ಲ, ಒಬ್ಬರು ಥ್ರಾಟಲ್ ಒತ್ತಿದರೆ ಉಳಿದವರು ಹಿಂಬಾಲಿಸಿಬಿಡುತ್ತಾರೆ. ನಾವು ಹೋಗುವ ಗುಂಪಿನಲ್ಲಿ ಇದಕ್ಕೊಂದು ಕಟ್ಟು ಮಾಡಿಕೊಂಡಿದ್ದೇವೆ. ಹೊಸ ಬೌಲಿಗೆ ಇಳಿಯುವ ಮುಂಚೆ ಎಲ್ಲ ಎಂಜಿನ್ ಆರಬೇಕು, ಹೆಲ್ಮೆಟ್ ತೆಗೆಯಬೇಕು, ಅತಿ ಕಡಿಮೆ ಅನುಭವ ಇರುವವರು ಮೊದಲು ಮಾತಾಡಬೇಕು. ಒಬ್ಬರು ಬೇಡ ಅಂದರೆ ಬೇಡ, ಕಾರಣ ಕೇಳುವಂತಿಲ್ಲ. ಇದರಿಂದ ಎಷ್ಟೋ ಒಳ್ಳೆಯ ಇಳಿಜಾರುಗಳನ್ನು ಬಿಟ್ಟಿದ್ದೇವೆ, ಅವುಗಳಲ್ಲಿ ಎಷ್ಟು ನಿಜಕ್ಕೂ ಅಪಾಯದವು ಎಂದು ತಿಳಿಯುವ ದಾರಿಯೂ ಇಲ್ಲ. ತಿಳಿಯಬೇಕೆಂಬ ಆಸೆಯೂ ನನಗಿಲ್ಲ.

ಮೂರನೆಯ ಮಟ್ಟದ ದಿನಗಳಲ್ಲಿ ನಾವು ಹೋಗುವುದೇ ಬೇರೆ ಕಡೆ. ಹಿಂದಿನ ರಾತ್ರಿ ನಕ್ಷೆ ಹರಡಿಕೊಂಡು, 30 ಡಿಗ್ರಿ ದಾಟಿದ ಜಾಗಗಳಿಗೆ ಬಣ್ಣ ಹಚ್ಚಿ ತೋರಿಸುವ ಪದರ ಹಾಕಿ ನೋಡುತ್ತೇವೆ. ಬಣ್ಣ ಇಲ್ಲದ ಜಾಗ ಸಿಕ್ಕರೆ ಸಾಲದು, ಅದರ ನೆತ್ತಿಯ ಮೇಲೆ ಬಣ್ಣದ ಇಳಿಜಾರು ಬಾಗಿಕೊಂಡಿರಬಾರದು, ಏಕೆಂದರೆ ಸಮತಟ್ಟಿನಲ್ಲಿ ನಿಂತೇ ಮೇಲಿನದನ್ನು ಎಳೆದು ಹಾಕಿಕೊಳ್ಳಲು ಸಾಧ್ಯ. ಹಾಗೆ ಹುಡುಕಿದಾಗ ಸಿಗುವ ಅಗಲವಾದ ಬಯಲುಗಳಲ್ಲಿ, ಮರಗಳ ನಡುವಿನ ಸಣ್ಣ ಏರುಗಳಲ್ಲಿ ಹೊಸ ಹಿಮ ಅಷ್ಟೇ ಆಳವಾಗಿ ಬಿದ್ದಿರುತ್ತದೆ, ಸೀಟಿನ ಮಟ್ಟಕ್ಕೆ ಹಾರುತ್ತದೆ. ದೊಡ್ಡ ಬೌಲುಗಳಿಗೆ ವಸಂತದಲ್ಲಿ ಹೋಗುತ್ತೇವೆ. ಆಗ ಹಿಮ ಕೂಡಿಕೊಂಡು ರಾತ್ರಿ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಬೆಳಿಗ್ಗೆ ಬೇಗ ಹತ್ತಿ, ಬಿಸಿಲಿಗೆ ಮೇಲ್ಪದರ ಮೆತ್ತಗಾಗುವ ಮೊದಲು ಇಳಿದು ಬರುತ್ತೇವೆ.